ಹಾರುವ ಹಕ್ಕಿಗೆ ತಕ್ಕ ಕ್ಯಾಮರಾ

ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ಮಂಗೋಲಿಯ, ಟಿಬೆಟ್ ಮೊದಲಾದ ಎತ್ತರದ ನಾಡುಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಬರುವ ಈ ಪಕ್ಷಿಗಳಲ್ಲಿ ಕೆಲವಕ್ಕೆ ವಿಜ್ಞಾನಿಗಳು ಅಕ್ಷರ ಮತ್ತು ಅಂಕಿಗಳಿರುವ ಕೊರಳಪಟ್ಟಿಯನ್ನು ತೊಡಿಸಿರುತ್ತಾರೆ. ಮಂಗೋಲಿಯದಲ್ಲಿ ಹೀಗೆ ಗುರುತು ಹಾಕಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿರುವುದುಂಟು. ಆ ಗುರುತನ್ನು ಓದಬಲ್ಲಷ್ಟು ಸ್ಪಷ್ಟವಾದ ಒಂದೇ ಒಂದು ಛಾಯಾಚಿತ್ರ ದೊರೆತರೂ ಹಕ್ಕಿಯ ಪಯಣದ ಒಂದು ಕೊಂಡಿ ದೊರೆತಂತೆ. ಚಿತ್ರ ಮಸುಕಾದರೆ ಆ ಸುದ್ದಿಯೂ ಹಕ್ಕಿಯೊಡನೆ ಹಾರಿಹೋಯಿತು. ಆದುದರಿಂದ, ವೇಗವಾಗಿ ಚಲಿಸುವುದನ್ನು ಚಿತ್ರಿಸಲು ಎಂತಹ ಡಿಜಿಟಲ್ ಕ್ಯಾಮರಾ ತಕ್ಕುದೆಂಬುದು ಬರಿಯ ಹವ್ಯಾಸದ ಪ್ರಶ್ನೆಯಲ್ಲ.

೧೮೭೮ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಮೈಬ್ರಿಜ್ ಎಂಬಾತನು ಸಾಲಾಗಿ ಹನ್ನೆರಡು ಕ್ಯಾಮರಾಗಳನ್ನಿಟ್ಟು, ಓಡುವ ಕುದುರೆಯ ನಾಲ್ಕು ಕಾಲುಗಳೂ ಒಂದು ಗಳಿಗೆ ನೆಲವನ್ನು ಬಿಟ್ಟಿರುವುದನ್ನು ತೋರಿಸಿದನು. ೧೯೭೫ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ನಿರ್ಮಿಸಿದ ಡಿಜಿಟಲ್ ಕ್ಯಾಮರಾ ಒಂದು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು ೨೩ ಸೆಕೆಂಡುಗಳನ್ನು ತೆಗೆದುಕೊಳ್ಳುತ್ತಿತ್ತು. ಇಂದು ಒಂದೇ ಸೆಕೆಂಡಿನಲ್ಲಿ ಹತ್ತಿಪ್ಪತ್ತು ಚಿತ್ರಗಳನ್ನು ತೆಗೆಯುವ ಕ್ಯಾಮರಾಗಳು ಅಂಗಡಿಯಲ್ಲಿ ದೊರೆಯುತ್ತವೆ.

ಮಸುಕು ಏಕೆ ಉಂಟಾಗುತ್ತದೆ?

ಸೆಕೆಂಡಿಗೆ ೧೬ ಮೀಟರ್ ವೇಗದಲ್ಲಿ ನಮ್ಮೆದುರು ಅಡ್ಡಲಾಗಿ ಹಾರುವ ಹೆಬ್ಬಾತೊಂದನ್ನು ಊಹಿಸಿಕೊಳ್ಳೋಣ. ಷಟರ್ ಒಂದು ಸೆಕೆಂಡಿನ ೬೦ನೆಯ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಹಕ್ಕಿ ೨೭ ಸೆಂಟಿಮೀಟರ್ ಮುಂದೆ ಸಾಗಿರುತ್ತದೆ. ಸಾವಿರದ ಒಂದು ಭಾಗ ತೆರೆದಿದ್ದರೆ ೧.೬ ಸೆಂಟಿಮೀಟರ್ ಮಾತ್ರ. ೪೦ ಮೀಟರ್ ದೂರದ ಹಕ್ಕಿಯನ್ನು ೪೦೦ ಮಿಲಿಮೀಟರ್ ಸಂಗಮದೂರದ ಮಸೂರದಿಂದ ನೋಡಿದಾಗ ಬಿಂಬವು ವಸ್ತುವಿನ ನೂರರಲ್ಲೊಂದು ಪಾಲಿನಷ್ಟಿರುತ್ತದೆ. ಎಂದರೆ ಬಿಂಬ ೦.೧೬ ಮಿಲಿಮೀಟರ್ ಜರುಗಿತು. ಒಂದೊಂದು ಪಿಕ್ಸೆಲಿನ ಅಗಲ ೦.೦೦೪ ಮಿಲಿಮೀಟರ್ ಆಗಿದ್ದರೆ ಈ ಜರುಗು ೪೦ ಪಿಕ್ಸೆಲುಗಳಷ್ಟಾಯಿತು! ಹೀಗಿರಲು ಪಿಕ್ಸೆಲುಗಳ ಸಂಖ್ಯೆಯನ್ನು ಹೆಚ್ಚಿಸುವುದರಿಂದ ಪ್ರಯೋಜನವೇನು? ಹಕ್ಕಿಯ ಜತೆಜತೆಗೇ ಕ್ಯಾಮರಾವನ್ನೂ ತಿರುಗಿಸುತ್ತಾ ಹೋದರೆ ದೇಹದ ಬಿಂಬ ಒಂದೆಡೆ ನಿಲ್ಲುತ್ತದೆ. ಬಡಿಯುವ ರೆಕ್ಕೆಗಾದರೋ ಎರಡು ಸಾವಿರದ ಒಂದು ಭಾಗದಂತಹ ಅತ್ಯಲ್ಪ ಅವಧಿಯೇ ಬೇಕು.

ಅವಧಿ ಕಡಿಮೆಯಾದಂತೆ ಬೆಳಕೂ ಕಡಿಮೆಯಾಗುತ್ತದೆ. ಸಂವೇದನೆಯನ್ನು ಹೆಚ್ಚಿಸಿದರೆ ಚಿತ್ರದಲ್ಲಿ ಮರಳು ಚೆಲ್ಲಿದಂತಹ ಚುಕ್ಕೆಗಳು ಮೂಡುತ್ತವೆ. ಬೆಳಗಿನ ಮಂದ ಬೆಳಕಿನಲ್ಲಿ ಹೆಚ್ಚು ಬೆಳಕನ್ನು ಒಳಬಿಡುವ ಮಸೂರವೇ ಶ್ರೇಷ್ಠ. ಆದುದರಿಂದ ಇದ್ದ ಹಣವನ್ನೆಲ್ಲ ಕ್ಯಾಮರಾಕ್ಕೆ ಸುರಿಯದೆ ಮಸೂರಕ್ಕೂ ಪಾಲು ತೆಗೆದಿಡುವುದು ಜಾಣತನ.

ಗುಂಡಿ ಒತ್ತುವಷ್ಟರಲ್ಲಿ

ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಕಪಿಲೆಗಳು ಕೂಡುತ್ತವೆ. ಇಂತಹ ಹೊಳೆಯ ಮೇಲೆ ಕಪ್ಪುಬಿಳುಪಿನ ಮಿಂಚುಳ್ಳಿ ರೆಕ್ಕೆ ಬಡಿಯುತ್ತ ನಿಂತಲ್ಲೇ ನಿಂತು, ಥಟ್ಟನೆ ನೀರಿಗೆ ಧುಮುಕುತ್ತದೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕಹಾಕಿದರೆ ೧೦ ಮೀಟರ್ ಎತ್ತರದಿಂದ ಬೀಳಲು ಹಿಡಿಯುವ ಕಾಲ ೧.೪ ಸೆಕೆಂಡು, ನೀರನ್ನು ಮುಟ್ಟುವಾಗಿನ ವೇಗ ಸೆಕೆಂಡಿಗೆ ೧೪ ಮೀಟರ್. ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸುಮಾರು ೦.೨ ಸೆಕೆಂಡು ಬೇಕು. ಕ್ಯಾಮರಾ ಇನ್ನೂ ೦.೧ ಸೆಕೆಂಡು ತಡಮಾಡಿತೆನ್ನಿ. ಕೊನೆಯ ಹಂತದಲ್ಲಿ ಹಕ್ಕಿ ಅಷ್ಟರೊಳಗೆ ಸುಮಾರು ೪ ಮೀಟರ್ ಇಳಿದಿರುತ್ತದೆ. ಆದುದರಿಂದ ತಡಮಾಡದ ಕ್ಯಾಮರಾ ಬೇಕು. ಗುಂಡಿ ಒತ್ತುವುದಕ್ಕೆ ಸ್ವಲ್ಪ ಮುಂಚಿನ ಚಿತ್ರಗಳನ್ನೂ ಉಳಿಸಿಕೊಡುವ ಕ್ಯಾಮರಾಗಳು ಈಗ ಬಂದಿವೆ.

ಬಿಂಬವನ್ನು ಸ್ಫುಟಗೊಳಿಸುವ ಕ್ರಮವನ್ನೂ ವಿಚಾರಿಸಬೇಕು. ಒಂದು ಕ್ರಮದಲ್ಲಿ ಮಸೂರವು ಹಿಂದೆ ಮುಂದೆ ಸರಿದು ಸ್ಪಷ್ಟ ಬಿಂಬವನ್ನು ತಡಕುತ್ತದೆ. ಇನ್ನೊಂದರಲ್ಲಿ, ಮಸೂರದ ಎರಡು ಅಂಚುಗಳಿಂದ ಬಂದ ಬೆಳಕನ್ನು ಹೋಲಿಸಿ, ಯಾವ ಕಡೆಗೆ ಎಷ್ಟು ಸರಿಯಬೇಕೆಂಬುದನ್ನು ಒಮ್ಮೆಗೇ ತಿಳಿಯುತ್ತದೆ. ವೇಗದ ವಸ್ತುವಿಗೆ ಎರಡನೆಯದೇ ಮೇಲು.

ಸೆಕೆಂಡಿಗೆ ೧೦ ಚಿತ್ರ, ಚಿತ್ರವೊಂದಕ್ಕೆ ೩೦ ಮೆಗಾಬೈಟ್ ಎಂದರೆ ಸೆಕೆಂಡಿಗೆ ೩೦೦ ಮೆಗಾಬೈಟ್ ಆಯಿತು. ಮೆಮೊರಿ ಕಾರ್ಡು ಸೆಕೆಂಡಿಗೆ ೯೦ ಮೆಗಾಬೈಟನ್ನಷ್ಟೇ ಬರೆದುಕೊಂಡರೆ ಉಳಿದುದು ಕ್ಯಾಮರಾದ ಒಳಗಿನ ತಾತ್ಕಾಲಿಕ ಉಗ್ರಾಣದಲ್ಲಿ ತುಂಬುತ್ತದೆ. ಅದು ತುಂಬಿತೋ, ಕ್ಯಾಮರಾ ಮುಗ್ಗರಿಸುತ್ತದೆ. ಉಗ್ರಾಣವೂ ದೊಡ್ಡದಿರಬೇಕು, ಕಾರ್ಡೂ ಚುರುಕಾಗಿರಬೇಕು.

ಸದ್ದಿಲ್ಲದ ವಿದ್ಯುನ್ಮಾನ ಷಟರಿನಲ್ಲಿ ಒಂದು ತೊಡಕುಂಟು. ಸಂವೇದಕವನ್ನು ಸಾಲುಸಾಲಾಗಿ ಓದುವುದು ನಿಧಾನವಾದರೆ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ರೆಕ್ಕೆ ಸ್ಥಳ ಬದಲಿಸಿ, ಚಿತ್ರ ಸೊಟ್ಟಗಾಗುತ್ತದೆ. ೨೦೨೩ರಲ್ಲಿ ಸೋನಿ ಸಂಸ್ಥೆ ಪ್ರಕಟಿಸಿದ ಕ್ಯಾಮರಾವೊಂದು ಎಲ್ಲ ಸಾಲುಗಳನ್ನೂ ಏಕಕಾಲದಲ್ಲಿ ದಾಖಲಿಸುತ್ತದೆ. ಅದರ ಬೆಲೆ ವಿದ್ಯಾರ್ಥಿಗಳಿಗೆ ಎಟುಕುವಂಥದಲ್ಲ. ಯಾಂತ್ರಿಕ ಷಟರುಳ್ಳ ಹಳೆಯ ಕ್ಯಾಮರಾದಲ್ಲಿ ಈ ದೋಷ ಬಹುಮಟ್ಟಿಗೆ ಕಾಣುವುದಿಲ್ಲ.

ಕಡಿಮೆ ಹಣದವರಿಗೆ

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಭಕ್ತರು ರಥದತ್ತ ಹಣ್ಣು ದವನಗಳನ್ನು ಎಸೆಯುವುದನ್ನು ನೆನೆಯಿರಿ. ೫ ಮೀಟರ್ ಮೇಲೇರುವ ಬಾಳೆಯಹಣ್ಣು ಕೈಬಿಟ್ಟಾಗ ಸೆಕೆಂಡಿಗೆ ೧೦ ಮೀಟರ್ ವೇಗದಲ್ಲಿ ಏರತೊಡಗಿದರೂ ತುತ್ತತುದಿಯಲ್ಲಿ ಅದರ ಏರುವೇಗ ಸೊನ್ನೆ. ಅದಕ್ಕೆ ೦.೧ ಸೆಕೆಂಡು ಹಿಂದೆಮುಂದೆ ಕೂಡ ಅದು ಸೆಕೆಂಡಿಗೆ ೧ ಮೀಟರನ್ನು ಮೀರದು. ಆ ಕ್ಷಣವನ್ನು ಕಾದು ಹಿಡಿದರೆ ಸಾಧಾರಣ ಕ್ಯಾಮರಾವೂ ಸಾಕು. ಅಂತೆಯೇ ನಮ್ಮತ್ತ ನೇರವಾಗಿ ಬರುವ ಹಕ್ಕಿಯ ಬಿಂಬ ಅಡ್ಡಲಾಗಿ ಹಾರುವುದರಷ್ಟು ಜರುಗುವುದಿಲ್ಲ. ಚಲನೆಯ ನಿಯಮವನ್ನು ಬಲ್ಲವನಿಗೆ ಉಪಕರಣದ ಕೊರತೆ ಅರ್ಧ ನೀಗಿದಂತೆಯೇ ಸರಿ.

ಕೊಳ್ಳುವ ಮುನ್ನ ಅಂಗಡಿಯ ಮುಂದಿನ ರಸ್ತೆಯಲ್ಲಿ ಓಡುವ ಬೈಸಿಕಲ್ಲು, ಬಸ್ಸುಗಳನ್ನು ಚಿತ್ರಿಸಿ ಪರೀಕ್ಷಿಸಬೇಕು. ಕೊಂಡ ಮೇಲೆ, ಹಾರಾಟದ ಚಿತ್ರಕ್ಕಾಗಿ ಕೆರೆಯ ಹಕ್ಕಿಗಳನ್ನು ಬೆದರಿಸಿ ಎಬ್ಬಿಸಬಾರದು. ಮರುಪಯಣಕ್ಕಾಗಿ ಅವು ಕೂಡಿಟ್ಟ ಶಕ್ತಿಯನ್ನು ನಮ್ಮ ಚಿತ್ರಕ್ಕಾಗಿ ವ್ಯಯಮಾಡಿಸುವುದು ವಿಜ್ಞಾನವೂ ಅಲ್ಲ, ಕಲೆಯೂ ಅಲ್ಲ. ಅವು ತಾವಾಗಿ ಏಳುವವರೆಗೆ ದಡದಲ್ಲಿ ತಾಳ್ಮೆಯಿಂದ ಕಾಯುವುದೂ ಈ ವಿದ್ಯೆಯ ಒಂದು ಪಾಠ.