ಉಗುರಿನ ತುದಿಯಲ್ಲಿ ಅನ್ನ

ಮುಸ್ಸಂಜೆಯ ಹೊತ್ತಿನಲ್ಲಿ ಉಗುರು ಕತ್ತರಿಸಬಾರದೆಂದು ನಮ್ಮ ಅಜ್ಜಿಯಂದಿರು ಗದರಿಸುತ್ತಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆ ಕಟ್ಟಳೆಯನ್ನು ಪಾಲಿಸಹೊರಟರೆ ಎಷ್ಟೋ ಸಂಸಾರಗಳ ಒಲೆ ಉರಿಯಲಾರದು. ಕಚೇರಿ ಬಿಟ್ಟ ಮಹಿಳೆಯರು ಉಗುರಿನ ಅಂಗಡಿಯ ಬಾಗಿಲು ತಳ್ಳುವುದೇ ಸಂಜೆಯ ಮೇಲೆ!

ಗಾಜಿನ ಗೋಡೆಯ ಒಂದು ಕೋಣೆ. ಒಳಗೆ ಸಾಲಾಗಿ ಪುಟ್ಟ ಮೇಜುಗಳು. ಮೇಜಿನ ಈಚೆಗೆ ಚಾಚಿದ ಕೈ, ಆಚೆಗೆ ಮೂಗುಬಾಯಿಗೆ ಮುಸುಕು ಕಟ್ಟಿ ಬಾಗಿ ಕುಳಿತ ಹೆಂಗಸು. ಆಕೆ ವಿಯೆಟ್ನಾಮಿನವಳಾಗಿರುವ ಸಂಭವವೇ ಹೆಚ್ಚು. ಯುದ್ಧದಿಂದ ನೊಂದ ಆ ನಾಡಿಗೂ ಅಮೆರಿಕದ ಲಲನೆಯರ ಬೆರಳಿಗೂ ಎತ್ತಣಿಂದೆತ್ತಣ ನಂಟು?

1975ರ ಏಪ್ರಿಲ್ 30ರಂದು ಸೈಗಾನ್ ನಗರ ಬಿದ್ದಿತು. ಪ್ರಾಣ ಉಳಿಸಿಕೊಂಡು ಬಂದವರಲ್ಲಿ ಕೆಲವರಿಗೆ ಸ್ಯಾಕ್ರಮೆಂಟೊ ನಗರದ ಈಶಾನ್ಯಕ್ಕಿರುವ ವೈಮರ್ ಎಂಬಲ್ಲಿನ ಶಿಬಿರ ಆಸರೆಯಾಯಿತು. ಹಿಚ್‌ಕಾಕನ ‘ದಿ ಬರ್ಡ್ಸ್’ ಚಿತ್ರದ ನಾಯಕಿ ಟಿಪ್ಪಿ ಹೆಡ್ರೆನ್ ಅಲ್ಲಿಗೆ ಸಹಾಯಕಿಯಾಗಿ ಬರುತ್ತಿದ್ದಳು. ಈ ಹೆಂಗಸರಿಗೆ ಯಾವ ಕಸುಬು ಕಲಿಸುವುದೆಂದು ಆಕೆ ಚಿಂತಿಸುತ್ತಿರಲು, ಅವರ ಕಣ್ಣೆಲ್ಲ ಆಕೆಯ ನೀಳವಾದ, ಬಣ್ಣದ ಉಗುರುಗಳ ಮೇಲೆಯೇ ನೆಟ್ಟಿದ್ದವು. ಅಷ್ಟೇ ಸಾಕಾಯಿತು. ತನ್ನ ಉಗುರುಗಳನ್ನು ತಿದ್ದುತ್ತಿದ್ದವಳನ್ನೇ ಆಕೆ ಶಿಬಿರಕ್ಕೆ ಕರೆಸಿ ಪಾಠ ಹೇಳಿಸಿದಳು. ಇಪ್ಪತ್ತು ಮಂದಿ ಹೆಂಗಸರು ಕಲಿತು, ಪರೀಕ್ಷೆಗೆ ಕುಳಿತು, ಸರಕಾರದ ಪರವಾನಗಿ ಪಡೆದರು. ಹೆಚ್ಚು ಮಾತು ಬೇಡದ, ಕೈ ನಂಬಿದರೆ ಸಾಕಾದ ಕಸುಬು! ಅಕ್ಕ ತಂಗಿಗೆ, ಅತ್ತಿಗೆ ನಾದಿನಿಗೆ ಕಲಿಸಿದಳು. ವಾಲ್‌ಮಾರ್ಟ್ ಎಂಬ ಬೃಹತ್ ಮಳಿಗೆಗಳೊಳಗೆ ಕಾಣುವ ‘ರೀಗಲ್ ನೇಲ್ಸ್’ ಸರಪಳಿ ಅಂಗಡಿಗಳನ್ನು ಕಟ್ಟಿದವನೂ ವಿಯೆಟ್ನಾಮಿನಿಂದ ಬಂದ ಚಾರ್ಲಿ ಟಾನ್ ಎಂಬಾತನೇ.

ಕೆಲಸವೇನೋ ನೋಡುವವರಿಗೆ ಆಟದಂತೆ ತೋರುತ್ತದೆ. ಆದರೆ ಪರವಾನಗಿಗೆ ಮುನ್ನ 400 ಗಂಟೆಗಳ ಶಿಕ್ಷಣ ಕಡ್ಡಾಯ. ಕೃತಕ ಉಗುರನ್ನೇ ನೋಡಿ. ಅದು ಹಲ್ಲಿನ ವೈದ್ಯರ ಮನೆಯಿಂದ ಬಂದದ್ದು. 1950ರ ದಶಕದಲ್ಲಿ ಫಿಲಡೆಲ್ಫಿಯಾದ ಫ್ರೆಡ್ ಸ್ಲ್ಯಾಕ್ ಎಂಬ ದಂತವೈದ್ಯ ತನ್ನ ಮುರಿದ ಉಗುರನ್ನು ದಂತಚಿಕಿತ್ಸೆಯ ಅಕ್ರಿಲಿಕ್‌ನಿಂದಲೇ ಸರಿಪಡಿಸಿಕೊಂಡನಂತೆ. ಕುಂಚವನ್ನು ದ್ರವದಲ್ಲಿ ಅದ್ದಿ ಪುಡಿಗೆ ತಾಗಿಸಿದರೆ ತುದಿಯಲ್ಲಿ ಮುತ್ತಿನಂಥ ಒಂದು ಹನಿ ಕಟ್ಟುತ್ತದೆ. ಅದನ್ನು ಉಗುರಿನ ಮೇಲಿಟ್ಟು, ಗಟ್ಟಿಯಾಗುವ ಮೊದಲೇ ನಡುವೆ ದಪ್ಪ, ಅಂಚಿಗೆ ತೆಳುವಾಗಿ ಹರಡಬೇಕು. ದ್ರವ ಹೆಚ್ಚಾದರೆ ಹರಿಯುತ್ತದೆ, ಕಡಿಮೆಯಾದರೆ ಬಿರಿಯುತ್ತದೆ. ಚರ್ಮಕ್ಕೆ ತಾಗಿದರಂತೂ ಕೆಟ್ಟಿತು. ಬಳಿಕ ಅರದಿಂದ ಉಜ್ಜಿ ನಯಗೊಳಿಸುವಾಗ ಏಳುವ ಧೂಳು ಸೇರುವುದು ಉಜ್ಜುವವಳ ಮೂಗಿಗೇ.

ಗಿರಾಕಿ ಈ ವಾಸನೆಯನ್ನು ಗಂಟೆಯ ಹೊತ್ತು ಸಹಿಸಿ ಹೋಗುತ್ತಾಳೆ. ಮೇಜಿನ ಆಚೆಯವಳಿಗೆ ಅದೇ ದಿನದ ಗಾಳಿ. ಗಟ್ಟಿಯಾಗದ ಅಕ್ರಿಲಿಕ್ ಅಂಶ ಮತ್ತೆ ಮತ್ತೆ ಚರ್ಮಕ್ಕೆ ತಾಗಿ ಒಗ್ಗದಂತಾದರೆ ಬೆರಳ ತುದಿಗಳು ತುರಿಸಿ ಬಿರಿಯುತ್ತವೆ. ತೆಳ್ಳನೆಯ ಕೈಚೀಲವನ್ನೂ ಅದು ತೂರಿ ಬರಬಲ್ಲದು. ಒಮ್ಮೆ ಹಿಡಿದ ಈ ಅಲರ್ಜಿ ಸಾಮಾನ್ಯವಾಗಿ ಬಿಡುವುದಿಲ್ಲ. ಅನ್ನ ಕೊಟ್ಟ ಕಸುಬನ್ನೇ ಬಿಡಬೇಕಾಗುತ್ತದೆ. ಪರರ ಕೈಯನ್ನು ಚೆಂದಗೊಳಿಸಹೋಗಿ ತನ್ನ ಕೈ ಕಳೆದುಕೊಳ್ಳುವುದೆಂದರೆ ಇದೇ.

ಸಂಪಾದನೆಯ ಮಾತೂ ಹಾಗೆಯೇ. ಎಷ್ಟೋ ಅಂಗಡಿಗಳಲ್ಲಿ ತಿಂಗಳ ಸಂಬಳವಿಲ್ಲ. ಮಾಡಿದ ಕೆಲಸದಲ್ಲಿ ಇಷ್ಟು ಪಾಲು, ಮೇಲೆ ಗಿರಾಕಿ ಮನಸ್ಸಿಟ್ಟು ಕೊಟ್ಟ ಭಕ್ಷೀಸು. ಮಳೆ ಸುರಿದು ಯಾರೂ ಬಾರದಿದ್ದರೆ ಸರದಿ ಕಾಯುತ್ತಾ ಕುಳಿತದ್ದೇ ಲಾಭ. 2018ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಾರ್ಮಿಕ ಕೇಂದ್ರ ಪ್ರಕಟಿಸಿದ ವರದಿಯಂತೆ, ದೇಶದ ಉಗುರಿನ ಕೆಲಸಗಾರರಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ಕಡಿಮೆ ಕೂಲಿಯವರು; ಎಲ್ಲ ಉದ್ಯೋಗಗಳನ್ನೂ ಸೇರಿಸಿ ನೋಡಿದರೆ ಆ ಪ್ರಮಾಣ ಮೂರರಲ್ಲಿ ಒಂದು ಮಾತ್ರ. ಸರಪಳಿ ಅಂಗಡಿಯಲ್ಲಿ ಹೆಸರೂ ಬಣ್ಣವೂ ಕಂಪನಿಯವು. ಬಾಗಿದ ಬೆನ್ನು ಮಾತ್ರ ಅವಳದು.

ಇನ್ನು ಕಾಲಿನ ಸೇವೆಯ ತೊಟ್ಟಿ. 2000ದ ಇಸವಿಯಲ್ಲಿ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್ ಪಟ್ಟಣದ ಒಂದು ಅಂಗಡಿಯಲ್ಲಿ ಪಾದ ನೆನೆಸಿಕೊಂಡ ನೂರಕ್ಕೂ ಹೆಚ್ಚು ಗಿರಾಕಿಗಳ ಕಾಲುಗಳಲ್ಲಿ ಬೊಕ್ಕೆಗಳೆದ್ದವು. ತೊಟ್ಟಿಯ ನೀರೆಳೆಯುವ ಜಾಲರಿಯ ಹಿಂದೆ ಕೂದಲು, ಚರ್ಮದ ಚೂರುಗಳು ಸೇರಿ ರೋಗಾಣು ಬೆಳೆದಿತ್ತು. ಅಂದಿನಿಂದ ನಿಯಮ ಬಿಗಿಯಾಯಿತು. ಪ್ರತಿ ಗಿರಾಕಿ ಎದ್ದ ಮೇಲೂ ತೊಟ್ಟಿ ತಿಕ್ಕಿ, ಕ್ರಿಮಿನಾಶಕ ಹಾಕಿ, ಪುಸ್ತಕದಲ್ಲಿ ಬರೆದಿಡಬೇಕು. ಒಳ್ಳೆಯ ಏರ್ಪಾಡೇ ಸರಿ. ಆದರೆ ಪಾಲಿನ ಲೆಕ್ಕದಲ್ಲಿ ದುಡಿಯುವವಳಿಗೆ ತೊಟ್ಟಿ ತಿಕ್ಕುವ ಹೊತ್ತಿಗೆ ಪಾಲೆಲ್ಲಿ?

ಹೆಸರಿನದೊಂದು ಸಂಗತಿಯುಂಟು. ವಿಯೆಟ್ನಾಮಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಮನೆತನದ ಹೆಸರು ಙುಯೆನ್. ನಮ್ಮ ಮಕ್ಕಳು ವರ್ಣಮಾಲೆಯಲ್ಲಿ ಕಲಿತು, ಮುಂದೆ ಯಾವ ಪದದ ಆರಂಭದಲ್ಲೂ ಕಾಣದ ಆ ‘ಙ’ಕಾರ ಅಲ್ಲಿ ಹೆಸರಿನ ಮೊದಲಲ್ಲೇ ಕುಳಿತಿದೆ! ಅಮೆರಿಕನ್ನರ ನಾಲಗೆಗೆ ಅದು ಹೊರಳದು. ಗಿರಾಕಿಗೆ ತೊಂದರೆಯಾಗದಿರಲೆಂದು ಎಷ್ಟೋ ಹೆಂಗಸರು ಲಿಸಾ, ಟೀನಾ, ನ್ಯಾನ್ಸಿ ಎಂದು ಹೆಸರಿಟ್ಟುಕೊಳ್ಳುತ್ತಾರೆ. ಒಂದೇ ಅಂಗಡಿಯಲ್ಲಿ ಎರಡು ಲಿಸಾಗಳಾದರೆ ಹೊಸದಾಗಿ ಬಂದವಳು ಬೇರೊಂದು ಹೆಸರನ್ನು ಹುಡುಕಿಕೊಳ್ಳಬೇಕು.

ಆದರೆ ಕ್ಯಾಲಿಫೋರ್ನಿಯಾದ ಕಾನೂನಿನಂತೆ ಪರವಾನಗಿ ಪತ್ರವನ್ನು ಕೆಲಸದ ಮೇಜಿನ ಬಳಿ ಎಲ್ಲರಿಗೂ ಕಾಣುವಂತೆ ಇಡಬೇಕು. ಅದರಲ್ಲಿ ತಂದೆ ತಾಯಿ ಇಟ್ಟ ಹೆಸರೇ ಅಚ್ಚಾಗಿರುತ್ತದೆ. ಕೈ ಚಾಚಿ ಕುಳಿತ ಗಿರಾಕಿ ಬಣ್ಣ ಒಣಗುವವರೆಗೆ ಅದರ ಎದುರಿಗೇ ಇರುತ್ತಾಳೆ. ಏಳುವಾಗ, “ಬರುತ್ತೇನೆ, ಲಿಸಾ” ಎನ್ನುತ್ತಾಳೆ.