ಮೊದಲ ವರ್ಷದ ಪಾಠಪಟ್ಟಿ: ಸರಪಳಿಯ ಮೊದಲ ಕೊಂಡಿ

ನಮ್ಮಲ್ಲಿ ಡಾಕ್ಟರಾಗುವ ದಾರಿ ಪಿಯುಸಿಯಲ್ಲೇ ಬೇರೆಯಾಗಿಬಿಡುತ್ತದೆ. ಪಿಸಿಎಂಬಿ ಓದಿ, ನೀಟ್ ಬರೆದು ಎಂಬಿಬಿಎಸ್‌ಗೆ ಸೇರಿದ ಮೇಲೆ ಯಾವ ವಿಷಯ ಓದಲಿ ಎಂಬ ಪ್ರಶ್ನೆಯೇ ಏಳುವುದಿಲ್ಲ. ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ನಾಲ್ಕು ವರ್ಷದ ವೈದ್ಯಕೀಯ ಶಾಲೆ, ಅದರ ಮೇಲೆ ಕಡಿಮೆಯೆಂದರೂ ಮೂರು ವರ್ಷದ ರೆಸಿಡೆನ್ಸಿ ಎಂಬ ಆಸ್ಪತ್ರೆ ತರಬೇತಿ. ಪದವಿಗೆ ಕಾಲಿಡುತ್ತಲೇ ಹದಿನೆಂಟರ ಹುಡುಗಿ ನೂರಾರು ಕೋರ್ಸುಗಳ ನಡುವಿನಿಂದ ನಾಲ್ಕೋ ಐದೋ ಆರಿಸಿಕೊಳ್ಳಬೇಕು. ಅಲ್ಲಿ ನೆಲೆಸಿದ ಕನ್ನಡದ ಅಪ್ಪ ಅಮ್ಮಂದಿರ ಪಿಯುಸಿ ಅನುಭವ ಈ ಹೊತ್ತಿನಲ್ಲಿ ಅಷ್ಟಾಗಿ ನೆರವಿಗೆ ಬರುವುದಿಲ್ಲ.

ಪ್ರೀ-ಮೆಡ್ ಎನ್ನುವುದು ಪದವಿಯ ಹೆಸರಲ್ಲ. ವೈದ್ಯಕೀಯ ಶಾಲೆಗಳು ಕೇಳುವ ಕೆಲವು ಕೋರ್ಸುಗಳ ಗೊಂಚಲಿಗೆ ಅದು ರೂಢಿಯ ಹೆಸರು. ಇತಿಹಾಸ ಓದಿದವರೂ ಸಂಗೀತ ಓದಿದವರೂ ಆ ಕೋರ್ಸುಗಳನ್ನು ಮುಗಿಸಿ ಡಾಕ್ಟರಾಗಬಹುದು. ಈ ಗೊಂಚಲಿಗೆ ನೂರು ವರ್ಷ ಮೀರಿದ ಚರಿತ್ರೆಯಿದೆ. 1893ರಲ್ಲಿ ಶುರುವಾದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ ಪದವೀಧರರನ್ನಷ್ಟೇ ಸೇರಿಸಿಕೊಳ್ಳುತ್ತೇನೆ ಎಂದಿತು. ಆಗ ಹೈಸ್ಕೂಲು ಮುಗಿಸದವರನ್ನೂ ಸೇರಿಸಿಕೊಳ್ಳುವ ಶಾಲೆಗಳು ಆ ದೇಶದಲ್ಲಿದ್ದವು. ಶಿಕ್ಷಣತಜ್ಞ ಏಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ ಮತ್ತು ಕೆನಡಾಗಳ 155 ವೈದ್ಯಕೀಯ ಶಾಲೆಗಳ ಬಗ್ಗೆ 1910ರಲ್ಲಿ ಕೊಟ್ಟ ವರದಿ, ರಸಾಯನ, ಜೀವ, ಭೌತ ಶಾಸ್ತ್ರಗಳ ತಳಹದಿಯಿಲ್ಲದೆ ಈ ಓದಿಗೆ ಯಾರೂ ಬರಕೂಡದು ಎಂದು ಹೇಳಿತು. ಇವತ್ತಿನ ಪಟ್ಟಿಯ ಬೇರು ಇರುವುದು ಅಲ್ಲಿ.

ಜೀವಶಾಸ್ತ್ರವನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡವರಿಗೆ ನಾನು ಮೊದಲು ಹೇಳುವ ಮಾತು ವಿಚಿತ್ರವೆನ್ನಿಸಬಹುದು: ನಿಮ್ಮ ಮೊದಲ ವರ್ಷವನ್ನು ಕಟ್ಟಬೇಕಾದದ್ದು ರಸಾಯನಶಾಸ್ತ್ರದ ಸುತ್ತ. ಸಾಮಾನ್ಯ ರಸಾಯನಶಾಸ್ತ್ರದ ಮೊದಲ ಭಾಗ ಮುಗಿಯದೆ ಎರಡನೆಯದಕ್ಕೆ ಹೋಗುವಂತಿಲ್ಲ. ಅದು ಮುಗಿಯದೆ ಸಾವಯವ ರಸಾಯನಶಾಸ್ತ್ರವಿಲ್ಲ. ಅದರ ಎರಡು ಭಾಗಗಳು ಮುಗಿದ ಮೇಲೇ ಸಾಮಾನ್ಯವಾಗಿ ಜೀವರಸಾಯನಶಾಸ್ತ್ರ. ಲೆಕ್ಕ ಹಾಕಿ ನೋಡಿ, ಒಟ್ಟು ಐದು ಸೆಮಿಸ್ಟರು. ಮೊದಲ ಸೆಮಿಸ್ಟರಿನಲ್ಲೇ ಹೊರಟವರು ಮೂರನೆಯ ವರ್ಷದ ಡಿಸೆಂಬರಿಗೆ ಜೀವರಸಾಯನ ಮುಗಿಸುತ್ತಾರೆ. ಅದರ ಬೆನ್ನಿಗೇ, ಮುಂದಿನ ವಸಂತದಲ್ಲಿ, ವೈದ್ಯಕೀಯ ಶಾಲೆಗಳ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್, ಬೇಸಿಗೆಯಲ್ಲಿ ಅರ್ಜಿ. ಬಿಡುವಿಲ್ಲದೆ ನೇರ ವೈದ್ಯಕೀಯ ಶಾಲೆಗೆ ಹೋಗಬೇಕೆನ್ನುವವರ ಬಳಿ ಪೋಲು ಮಾಡಲು ಒಂದು ಸೆಮಿಸ್ಟರೂ ಇಲ್ಲ. ಎಷ್ಟೋ ಕಾಲೇಜುಗಳಲ್ಲಿ ಮೊದಲ ಭಾಗ ಶರತ್ಕಾಲದಲ್ಲಿ, ಎರಡನೆಯದು ವಸಂತದಲ್ಲಿ ಮಾತ್ರ ಇರುತ್ತದೆ. ಅಲ್ಲಿ ಒಮ್ಮೆ ತಪ್ಪಿದರೆ ಬೇಸಿಗೆ ತರಗತಿ ಹಿಡಿಯಬೇಕು, ಇಲ್ಲವೇ ಒಂದು ವರ್ಷ ಕಾಯಬೇಕು.

ಜೀವಶಾಸ್ತ್ರಕ್ಕೆ ಇಷ್ಟು ಉದ್ದದ ಸರಪಳಿಯಿಲ್ಲ. ಪ್ರವೇಶ ಕೋರ್ಸನ್ನು ಮೊದಲ ಸೆಮಿಸ್ಟರಿನಲ್ಲೇ ತೆಗೆದುಕೊಳ್ಳುವುದು ರೂಢಿ, ಅದು ಸರಿಯೂ ಹೌದು. ಜೀವಕೋಶದ ಪೊರೆ, ಕಿಣ್ವ, ಡಿಎನ್‌ಎ ಪಾಠಗಳಿಗೆ ಬಂಧ ಮತ್ತು ಆಮ್ಲ-ಪ್ರತ್ಯಾಮ್ಲಗಳ ಪಾಠ ಜೊತೆಜೊತೆಗೇ ನಡೆದರೆ ಎರಡೂ ಹಗುರಾಗುತ್ತವೆ. ಲ್ಯಾಬ್ ಸೇರಿ ಇವೆರಡೇ ಸುಮಾರು ಎಂಟು ಕ್ರೆಡಿಟ್. ಸೆಮಿಸ್ಟರಿಗೆ ಹದಿನೈದರ ಆಸುಪಾಸು ಹೊರೆ ಸಾಕು. ಮೂರನೆಯದಾಗಿ ಕ್ಯಾಲ್ಕುಲಸ್ ಅಥವಾ ಸಂಖ್ಯಾಶಾಸ್ತ್ರ. ನನ್ನನ್ನು ಕೇಳಿದರೆ, ಜೀವಶಾಸ್ತ್ರ ವಿಭಾಗ ಕ್ಯಾಲ್ಕುಲಸ್ಸನ್ನು ಕಡ್ಡಾಯ ಮಾಡದಿದ್ದಲ್ಲಿ ಸಂಖ್ಯಾಶಾಸ್ತ್ರವೇ ಮೇಲು; ಡಾಕ್ಟರು ಬದುಕಿಡೀ ಓದಬೇಕಾದ ಸಂಶೋಧನಾ ಲೇಖನಗಳು ಮಾತಾಡುವುದು ಆ ಭಾಷೆಯಲ್ಲೇ. ಭೌತಶಾಸ್ತ್ರ ಎರಡನೆಯ ಅಥವಾ ಮೂರನೆಯ ವರ್ಷದವರೆಗೆ ಕಾಯಲಿ. ಮೂರು ಲ್ಯಾಬುಗಳನ್ನು ಒಂದೇ ಸೆಮಿಸ್ಟರಿಗೆ ತುರುಕಿಕೊಳ್ಳುವುದು ಧೈರ್ಯವಲ್ಲ.

ಉಳಿದ ಜಾಗವನ್ನು ಹಲವರು ಸುಲಭದ ಕೋರ್ಸಿಗೆ ಬಿಟ್ಟುಕೊಡುತ್ತಾರೆ. ಇದು ನನಗೆ ನೋವಿನ ಸಂಗತಿ. ಬರವಣಿಗೆಯ ಕೋರ್ಸನ್ನು ಬಹುಪಾಲು ಕಾಲೇಜುಗಳು ಮೊದಲ ವರ್ಷದಲ್ಲೇ ಕೇಳುತ್ತವೆ. ಅದನ್ನು ಮನಸ್ಸಿಟ್ಟು ಮಾಡಬೇಕು. ಇನ್ನೊಂದು ಸೆಮಿಸ್ಟರಿನಲ್ಲಿ ಮನಶ್ಶಾಸ್ತ್ರವೋ ಸಮಾಜಶಾಸ್ತ್ರವೋ ತತ್ವಶಾಸ್ತ್ರವೋ ಬರಲಿ. 2015ರಲ್ಲಿ ಬದಲಾದ ಎಂಕ್ಯಾಟ್‌ನಲ್ಲಿ ಮನಸ್ಸು ಮತ್ತು ಸಮಾಜಕ್ಕೆಂದೇ ಪೂರ್ತಿ ಒಂದು ವಿಭಾಗವಿದೆ. ಇನ್ನೊಂದು ವಿಭಾಗದಲ್ಲಿ ವಿಜ್ಞಾನದ ಸುಳಿವೇ ಇಲ್ಲ: ಮಾನವಿಕ ಮತ್ತು ಸಮಾಜವಿಜ್ಞಾನದ ಗದ್ಯಭಾಗಗಳನ್ನು ಓದಿ 90 ನಿಮಿಷದಲ್ಲಿ 53 ಪ್ರಶ್ನೆಗಳಿಗೆ ಉತ್ತರಿಸಬೇಕು. ಆ ಓದು ಕೊನೆಯ ಮೂರು ತಿಂಗಳ ತಯಾರಿಯಿಂದ ದಕ್ಕುವುದು ಕಷ್ಟ. ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಕೀಯ ಶಾಲೆ 1987ರಲ್ಲಿ ಸಾಹಿತ್ಯ, ಇತಿಹಾಸ ಓದುವವರಿಗಾಗಿಯೇ ಒಂದು ಪ್ರವೇಶದಾರಿ ತೆರೆಯಿತು. ಅವರಿಗೆ ಎಂಕ್ಯಾಟ್ ಇರಲಿಲ್ಲ, ಪೂರ್ತಿ ಸಾವಯವ ರಸಾಯನವೂ ಇರಲಿಲ್ಲ. 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವರು ವೈದ್ಯಕೀಯ ಓದಿನಲ್ಲಿ ಒಟ್ಟಾರೆ ಉಳಿದವರಿಗೆ ಸರಿಸಮನಾಗಿಯೇ ನಿಂತರು.

ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಎಪಿ ಪರೀಕ್ಷೆ ಬರೆದು ಒಳ್ಳೆಯ ಅಂಕ ತಂದವರಿಗೆ ಕಾಲೇಜು ಮೊದಲ ಕೋರ್ಸಿನಿಂದ ವಿನಾಯಿತಿ ಕೊಡಬಹುದು. ಆದರೆ ಕೆಲವು ವೈದ್ಯಕೀಯ ಶಾಲೆಗಳು ಆ ಕ್ರೆಡಿಟ್ಟನ್ನು ಒಪ್ಪುವುದಿಲ್ಲ, ಇನ್ನು ಕೆಲವು ಅದೇ ವಿಷಯದಲ್ಲಿ ಮೇಲಿನ ಹಂತದ ಕೋರ್ಸು ಕೇಳುತ್ತವೆ. ಹಾರಿ ಹೋಗುವ ಮುನ್ನ ವಿಚಾರಿಸಿ.

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಇದೇ ಆಸೆಯಲ್ಲಿ ಅಲ್ಲಿಗೆ ಹೊರಡುವವರು ಒಂದು ಸತ್ಯವನ್ನು ಮೊದಲೇ ತಿಳಿದಿರಬೇಕು. ಅಲ್ಲಿನ ಪೌರತ್ವವಾಗಲಿ ಗ್ರೀನ್ ಕಾರ್ಡಾಗಲಿ ಇಲ್ಲದವರ ಅರ್ಜಿಯನ್ನು ಬಹಳಷ್ಟು ವೈದ್ಯಕೀಯ ಶಾಲೆಗಳು ತೆಗೆದುಕೊಳ್ಳುವುದೇ ಇಲ್ಲ. ಮನೆ ಅಡವಿಟ್ಟು ಸಾಲ ಮಾಡುವ ಮೊದಲು ಈ ಮಾತು ಮನೆಯವರೆಲ್ಲರ ಕಿವಿಗೆ ಬೀಳಲಿ.

ಇನ್ನು ಅಂಕ. ಎಂಡಿ (ಅಲ್ಲಿ ಡಾಕ್ಟರಾಗುವ ಮೊದಲ ವೈದ್ಯ ಪದವಿ) ಶಾಲೆಗಳ ಬಹುಪಾಲು ಅರ್ಜಿಗಳು ಹೋಗುವುದು ಆಮ್‌ಕಾಸ್ ಎಂಬ ಒಂದೇ ವ್ಯವಸ್ಥೆಯ ಮೂಲಕ. ಅದು ಜೀವ, ರಸಾಯನ, ಭೌತ, ಗಣಿತಗಳ ಸರಾಸರಿಯನ್ನು ಬೇರೆಯಾಗಿಯೇ ಎಣಿಸುತ್ತದೆ. ಒಂದು ಕೋರ್ಸನ್ನು ಮತ್ತೆ ಮಾಡಿ ಒಳ್ಳೆಯ ಗ್ರೇಡು ತಂದರೂ ಹಳೆಯದು ಅಳಿಯುವುದಿಲ್ಲ, ಎರಡೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಮೊದಲ ವಾರಗಳಲ್ಲೇ ಹೊರೆ ಮಿತಿಮೀರಿದೆ ಎನ್ನಿಸಿದರೆ ಒಂದು ಕೋರ್ಸು ಬಿಡಲು ಹಿಂಜರಿಯಬೇಡಿ. ಪೂರ್ಣಾವಧಿ ವಿದ್ಯಾರ್ಥಿಯಾಗಿ ಉಳಿಯಲು ಸಾಮಾನ್ಯವಾಗಿ 12 ಕ್ರೆಡಿಟ್ ಸಾಕು. ಅಂಕಪಟ್ಟಿಯಲ್ಲಿ ಗುರುತು ಉಳಿಯದಂತೆ ಕೋರ್ಸು ಬಿಡುವ ಕೊನೆಯ ದಿನ ಯಾವುದೆಂದು ಕಾಲೇಜಿನ ಕ್ಯಾಲೆಂಡರಿನಲ್ಲಿ ನೋಡಿ, ಇವತ್ತೇ ಬರೆದಿಟ್ಟುಕೊಳ್ಳಿ.