ನೂರು ಎಕರೆ ಒರೆಸಿದ ಕೈ

ಮುಂಬಯಿ ಪಕ್ಕದ ಡೊಂಬಿವಲಿಯ ಒಂದು ಸಾಧಾರಣ ಒನ್ ಬಿಎಚ್‌ಕೆ ಮನೆಯ ನೆಲ 400 ಚದರಡಿ ಎಂದು ಹಿಡಿಯೋಣ. ದಿನಕ್ಕೊಮ್ಮೆ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಬೇಕು. ವರ್ಷಕ್ಕೆ 1,46,000 ಚದರಡಿಯಾಯಿತು. ಮೂವತ್ತು ವರ್ಷಕ್ಕೆ 43,80,000. ಎಕರೆಗೆ 43,560 ಚದರಡಿ. ಭಾಗಿಸಿ ನೋಡಿ, ನೂರು ಎಕರೆ ದಾಟುತ್ತದೆ.

ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರ ಮನೆಗಳಲ್ಲಿ ಎಕರೆ ಎಂದರೆ ಈಗಲೂ ತೂಕದ ಮಾತು. ಅರ್ಧ ಎಕರೆ ಗದ್ದೆಯ ಪಾಲಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಸಂಸಾರಗಳಿವೆ. ಆ ಅರ್ಧ ಎಕರೆಯಿಂದ ಹೊಟ್ಟೆ ತುಂಬದೆ ಮುಂಬಯಿ ಗಾಡಿ ಹತ್ತಿದ ಕುಟುಂಬದ ಹೆಣ್ಣುಮಗಳು ಬೆನ್ನು ಬಾಗಿಸಿ ನೂರು ಎಕರೆ ಒರೆಸಿ ಮುಗಿಸಿದ್ದಾಳೆ. ಆ ನೂರು ಎಕರೆಯ ಒಂದು ಸೆಂಟ್ಸ್ ಕೂಡ ಯಾವ ಪಹಣಿಯಲ್ಲೂ ಕಾಣುವುದಿಲ್ಲ.

ಅಡುಗೆಮನೆಗೆ ಬನ್ನಿ. ನಾಲ್ಕು ಜನ, ತಲೆಗೆ ಮೂರು ಚಪಾತಿ, ದಿನಕ್ಕೆ 12. ವರ್ಷಕ್ಕೆ 4,380, ಮೂವತ್ತು ವರ್ಷಕ್ಕೆ 1,31,400. ಒಂದೊಂದು ಚಪಾತಿ 18 ಸೆಂಟಿಮೀಟರ್ ಅಗಲ ಎಂದಿಟ್ಟುಕೊಂಡು ಸಾಲಾಗಿ ಹಾಸಿದರೆ 23.65 ಕಿಲೋಮೀಟರ್ ಆಗುತ್ತದೆ. ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ರೈಲು ಹಳಿಯ ದೂರ 48 ಕಿಲೋಮೀಟರ್. ಅಂದರೆ ಆ ಸಾಲು ಥಾಣೆ, ಮುಲುಂಡ್, ಭಾಂಡುಪ್ ದಾಟಿ ಅರ್ಧ ದಾರಿಗೆ ಬಂದು ನಿಲ್ಲುತ್ತದೆ. ಅತ್ತೆ ಮೂವತ್ತು ವರ್ಷ ಲಟ್ಟಿಸಿ ಲಟ್ಟಣಿಗೆಯನ್ನು ಸೊಸೆಯ ಕೈಗೆ ಕೊಟ್ಟರೆ, ಸೊಸೆಯ ಮೂವತ್ತು ವರ್ಷ ಮುಗಿಯುವ ಹೊತ್ತಿಗೆ ಸಾಲು ಸಿಎಸ್‌ಎಂಟಿಯ ಬಾಗಿಲಿಗೆ ಬಂದಿರುತ್ತದೆ. ಬೆಳಗಿನ ದೋಸೆ, ಮಧ್ಯಾಹ್ನದ ಅನ್ನ ಸಾರು, ಹಬ್ಬದ ಕಡುಬು ಇದರಲ್ಲಿ ಸೇರಿಲ್ಲ.

ಇದು ಒಂದು ಮನೆಯ ಲೆಕ್ಕ. 2011ರ ಜನಗಣತಿಯ ಪ್ರಕಾರ ಥಾಣೆ ನಗರದಲ್ಲಿ 18.4 ಲಕ್ಷ, ಕಲ್ಯಾಣ್-ಡೊಂಬಿವಲಿಯಲ್ಲಿ 12.5 ಲಕ್ಷ, ನವಿ ಮುಂಬಯಿಯಲ್ಲಿ 11.2 ಲಕ್ಷ ಜನರಿದ್ದರು. ಒಟ್ಟು 42 ಲಕ್ಷ. ಮನೆಗೆ ನಾಲ್ಕು ಜನ ಎಂದರೆ ಹತ್ತೂವರೆ ಲಕ್ಷ ಮನೆ. ಕೆಲವರದು ಚಾಳಿನ ಒಂದೇ ಖೋಲಿ, ಕೆಲವರದು ಪಾಮ್ ಬೀಚ್ ರಸ್ತೆಯ ವಿಶಾಲ ಫ್ಲ್ಯಾಟು. ಸರಾಸರಿಗೆ ಅದೇ 400 ಚದರಡಿ ಇರಲಿ. ಆಗ ಈ ಊರುಗಳಲ್ಲಿ ಪ್ರತಿದಿನ 39 ಚದರ ಕಿಲೋಮೀಟರ್ ನೆಲವನ್ನು ಒರೆಸಲಾಗುತ್ತದೆ. 1970ರಲ್ಲಿ ಹುಟ್ಟಿದ ಸಿಡ್ಕೊ ಸಂಸ್ಥೆಗೆ ನವಿ ಮುಂಬಯಿ ಕಟ್ಟಲು ಗೊತ್ತುಪಡಿಸಿದ ಒಟ್ಟು ಜಾಗ 344 ಚದರ ಕಿಲೋಮೀಟರ್, 95 ಹಳ್ಳಿಗಳ ನೆಲ. ಅಷ್ಟು ದೊಡ್ಡ ಯೋಜಿತ ನಗರದ ಗುಡ್ಡ, ಖಾಡಿ, ರಸ್ತೆ, ಕಾರ್ಖಾನೆ ಎಲ್ಲ ಸೇರಿದ ವಿಸ್ತಾರವನ್ನು ಈ ಮನೆಗಳ ಕೈಗಳು ಒಂಬತ್ತು ದಿನಕ್ಕೊಮ್ಮೆ ಒರೆಸಿ ಮುಗಿಸುತ್ತವೆ. ಚಪಾತಿಯ ಸಾಲಂತೂ ದಿನಕ್ಕೆ 2,268 ಕಿಲೋಮೀಟರ್. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹಿಡಿದು ಊರಿಗೆ ಹೋಗುವವರಿಗೆ ಮುಂಬಯಿಯಿಂದ ಮಂಗಳೂರಿನ ದೂರ ಗೊತ್ತು, ಸುಮಾರು 900 ಕಿಲೋಮೀಟರ್. ಆ ಸಾಲು ಒಂದೇ ದಿನದಲ್ಲಿ ಮಂಗಳೂರಿಗೆ ಹೋಗಿ ಮರಳಿ ಬಂದು ಮತ್ತೆ ಕೊಂಕಣದ ದಾರಿ ಹಿಡಿದಿರುತ್ತದೆ.

ಈ ಊರುಗಳನ್ನು ಬೆಳೆಸಿದ್ದು ರೈಲು. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಹೊರಟ ಗಾಡಿ 34 ಕಿಲೋಮೀಟರ್ ಓಡಿ ಥಾಣೆಗೆ ಬಂತು, ಮರುವರ್ಷ ಹಳಿ ಕಲ್ಯಾಣ್ ಮುಟ್ಟಿತು. ಆಮೇಲಿನದು ದುಡಿಯಲು ಹೋಗುವವರ ಕತೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ದಿನಾ ಹೋಗಿ ಬರುವವರು ವರ್ಷಕ್ಕೆ 280 ದಿನದಂತೆ 30 ವರ್ಷ ನೌಕರಿ ಮಾಡಿದರೆ 8,06,400 ಕಿಲೋಮೀಟರ್ ಓಡಾಡಿರುತ್ತಾರೆ. ಚಂದ್ರ ಇರುವುದು ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿ. ಅಲ್ಲಿಗೆ ಹೋಗಿ ಬಂದರೂ ಇನ್ನೂ 37,600 ಕಿಲೋಮೀಟರ್ ಉಳಿಯುತ್ತದೆ; ಭೂಮಿಗೆ ಒಂದು ಸುತ್ತು ಹಾಕಲು ತುಸುವೇ ಕಡಿಮೆ. ಈ ದಾರಿಯಲ್ಲೂ ಹೆಂಗಸರ ಕೈಗೆ ಬಿಡುವಿರಲಿಲ್ಲ. ಸಂಜೆಯ ಲೇಡೀಸ್ ಡಬ್ಬಿಯಲ್ಲಿ ಬಟಾಣಿ ಸುಲಿಯುತ್ತ, ಮೆಂತ್ಯ ಸೊಪ್ಪು ಬಿಡಿಸುತ್ತ ಬರುವವರನ್ನು ನಾವೆಲ್ಲ ನೋಡಿದ್ದೇವೆ. 1992ರಲ್ಲಿ ಲೇಡೀಸ್ ಸ್ಪೆಷಲ್ ಗಾಡಿಗಳು ಶುರುವಾದಾಗ ಅವುಗಳಲ್ಲೂ ಅಡುಗೆಯ ಅರ್ಧ ತಯಾರಿ ನಡೆಯಿತು. ಡೊಂಬಿವಲಿಯ ಗಲ್ಲಿಗಲ್ಲಿಗಳಲ್ಲಿ ಚಪಾತಿ-ಪಲ್ಯ ಮಾರುವ ಪೋಳಿ-ಭಾಜಿ ಕೇಂದ್ರ, ಮಕ್ಕಳನ್ನು ನೋಡಿಕೊಳ್ಳುವ ಪಾಳಣಾಘರ ಹುಟ್ಟಿಕೊಂಡದ್ದೂ ಈ ಓಡಾಟದಿಂದಲೇ. ಹೆಂಗಸು ಆಫೀಸಿಗೆ ಹೋದಳು, ಅವಳ ಮನೆಗೆಲಸದ ಒಂದು ಪಾಲನ್ನು ಇನ್ನೊಬ್ಬ ಹೆಂಗಸು ಎತ್ತಿಕೊಂಡಳು.

ಕೋವಿಡ್ ಪಿಡುಗಿನಿಂದಾಗಿ 2020ರ ಮಾರ್ಚ್ 22ರ ನಡುರಾತ್ರಿ, ದಿನಕ್ಕೆ ಸುಮಾರು 75 ಲಕ್ಷ ಜನರನ್ನು ಹೊರುತ್ತಿದ್ದ ಲೋಕಲ್ ನಿಂತುಹೋಯಿತು. ಜೂನ್ 15ರಿಂದ ಅಗತ್ಯ ಸೇವೆಯವರಿಗೆ ಮಾತ್ರ ಓಡಿತು. ಬೇರೆ ಹೆಂಗಸರಿಗೆ ಗಾಡಿ ಹತ್ತಲು ಅನುಮತಿ ಸಿಕ್ಕಿದ್ದು ಅಕ್ಟೋಬರ್ 21ರಂದು. ಅಷ್ಟರಲ್ಲಿ ಐರೋಲಿ, ಮಹಾಪೆ, ಥಾಣೆಯ ಕಂಪನಿಗಳ ಲ್ಯಾಪ್‌ಟಾಪುಗಳು ಊಟದ ಮೇಜಿಗೆ ಬಂದಿದ್ದವು. ಪಾಳಣಾಘರ ಮುಚ್ಚಿತ್ತು, ಕೆಲಸದ ಬಾಯಿಗೆ ಸೊಸೈಟಿಯ ಗೇಟಿನೊಳಗೆ ಪ್ರವೇಶ ಇರಲಿಲ್ಲ, ಶಾಲೆ ಮೊಬೈಲಿನೊಳಗೆ ಸೇರಿತ್ತು. ಪಿಡುಗು ಹೋಯಿತು, ಲ್ಯಾಪ್‌ಟಾಪ್ ಮೇಜಿನಲ್ಲೇ ಉಳಿಯಿತು. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಂಥ ಶಾಲೆಗಳಲ್ಲಿ ಓದಿ ಐಟಿ ಕಂಪನಿ ಸೇರಿದ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಈಗಲೂ ವಾರದ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುತ್ತಾರೆ.

ಅವರ ಒಂದು ದಿನವನ್ನು ಅಳೆಯುವುದು ಹೇಗೆ?

ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ 2019ರಲ್ಲಿ, ಮತ್ತೆ 2024ರಲ್ಲಿ, ಜನ ತಮ್ಮ ಸಮಯವನ್ನು ಹೇಗೆ ಕಳೆಯುತ್ತಾರೆಂದು ದೇಶವಿಡೀ ಸಮೀಕ್ಷೆ ಮಾಡಿತು. 2024ರಲ್ಲಿ 1,39,487 ಮನೆಗಳ ನಾಲ್ಕೂವರೆ ಲಕ್ಷ ಜನರನ್ನು ಕೇಳಿದರು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಆ ಕೆಲಸಕ್ಕೆ ಕೈಹಾಕುವ ಗಂಡಸರು 88 ನಿಮಿಷ. ಐದು ವರ್ಷ ಹಿಂದೆ ಇದು 299 ಮತ್ತು 97 ಇತ್ತು. ಹೆಂಗಸರಿಗೆ ಹತ್ತು ನಿಮಿಷ ಕಡಿಮೆಯಾಯಿತು, ಗಂಡಸರಿಗೂ ಒಂಬತ್ತು ನಿಮಿಷ ಕಡಿಮೆಯಾಯಿತು. ನಡುವಿನ ಅಂತರ ಹೆಚ್ಚುಕಮ್ಮಿ ಇದ್ದಲ್ಲೇ ಇದೆ.

289 ನಿಮಿಷ ಎಂದರೆ ದಿನದ ಐದನೇ ಒಂದು ಪಾಲು. ವರ್ಷಕ್ಕೆ 1,758 ಗಂಟೆ. ಎಂಟು ಗಂಟೆಯ ಪಾಳಿಯಲ್ಲಿ ಎಣಿಸಿದರೆ 220 ದಿನ. ಶನಿವಾರ, ಭಾನುವಾರ, ಹಬ್ಬ, ರಜೆ ಎಲ್ಲ ಕಳೆದರೆ ಆಫೀಸಿನಲ್ಲಿ ಒಂದು ಪೂರ್ತಿ ವರ್ಷದ ಹಾಜರಿಯೂ ಹೆಚ್ಚುಕಡಿಮೆ ಅಷ್ಟೇ. ನೌಕರಿ ಮಾಡುವ ಹೆಂಗಸಿಗೂ ಈ ಸರಾಸರಿ ಬಂದಿತೆನ್ನಿ, ಅವಳು ಎರಡು ಪೂರ್ಣ ಕೆಲಸದಲ್ಲಿದ್ದಾಳೆ. ನಲವತ್ತು ವರ್ಷಕ್ಕೆ ಇದು ಹಗಲೂ ರಾತ್ರಿ ಎಡೆಬಿಡದ ಎಂಟು ವರ್ಷ.

ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ಆ ಸಮೀಕ್ಷೆಯ ಒಂದು ನಿಯಮ. ಬೆಳಗಿನ ಜಾವ ನಾಲ್ಕರಿಂದ ಮರುದಿನ ನಾಲ್ಕರವರೆಗಿನ ಹೊತ್ತನ್ನು ಅವರು ಅರ್ಧರ್ಧ ಗಂಟೆಯ 48 ಚೌಕಗಳಾಗಿ ಕತ್ತರಿಸುತ್ತಾರೆ. ಒಂದು ಚೌಕದೊಳಗೆ ಹಲವು ಕೆಲಸ ನಡೆದಿದ್ದರೆ, ಹತ್ತು ನಿಮಿಷವಾದರೂ ಹಿಡಿದವನ್ನು ಬರೆದುಕೊಳ್ಳುತ್ತಾರೆ, ಹೆಚ್ಚೆಂದರೆ ಮೂರು. ಅಷ್ಟು ದೊಡ್ಡ ದೇಶದಲ್ಲಿ ಇಂಥದೊಂದು ಮಿತಿ ಬೇಕೇ ಬೇಕು, ಸಮೀಕ್ಷೆ ಮಾಡಿದವರ ಶ್ರಮವನ್ನು ನಾನು ಗೌರವಿಸುತ್ತೇನೆ. ಆದರೆ ಮನೆಯಿಂದ ಕೆಲಸ ಮಾಡುವವಳ ದಿನ ಇರುವುದೇ ಹತ್ತು ನಿಮಿಷಕ್ಕಿಂತ ಸಣ್ಣ ತುಂಡುಗಳಲ್ಲಿ. ಮೀಟಿಂಗಿನ ನಡುವೆ ಮೈಕ್ ಮ್ಯೂಟ್ ಮಾಡಿ ಎದ್ದು ಕುಕ್ಕರ್ ಆರಿಸುವುದು ಒಂದು ನಿಮಿಷ. ಅತ್ತೆಯ ಗುಳಿಗೆ, ನೀರು, ನಾಲ್ಕು ನಿಮಿಷ. ಕೊರಿಯರ್‌ನವನಿಗೆ ಓಟಿಪಿ, ಎರಡು. ಮಳೆ ಬಂತೆಂದು ಬಾಲ್ಕನಿಯ ಬಟ್ಟೆ ಒಳಗೆ ತರುವುದು, ಆರು. ವಾಚ್‌ಮನ್ ಇಂಟರ್‌ಕಾಮಿನಲ್ಲಿ ಕರೆದ, ಒಂದು. ನೀರು ಹೋಗುವ ಹೊತ್ತಾಯಿತು, ಡ್ರಮ್ಮಿಗೆ ಪೈಪ್ ಹಾಕಬೇಕು, ಮೂರು. ಊರಿನಿಂದ ಚಿಕ್ಕಮ್ಮನ ಫೋನು, "ಮನೆಯಲ್ಲೇ ಇದ್ದೀಯಲ್ಲ ಮಗಾ, ಪುರುಸೊತ್ತು ಉಂಟಲ್ಲ?" ಎಂದು, ಐದು ನಿಮಿಷ. ಇಂಥ ಏಳುವಿಕೆ ದಿನಕ್ಕೆ ಮೂವತ್ತು, ಒಂದೊಂದಕ್ಕೆ ಸುಮಾರು ನಾಲ್ಕು ನಿಮಿಷ ಎಂದು ಎಣಿಸಿದರೆ ಎರಡು ಗಂಟೆಯಾಯಿತು. ವರ್ಷಪೂರ್ತಿ ಮನೆಯಿಂದಲೇ ಕೆಲಸ ಮಾಡುವವಳಿಗೆ 220 ದಿನಕ್ಕೆ 440 ಗಂಟೆ. ಎಂಟು ಗಂಟೆಯ ಪಾಳಿಯಲ್ಲಿ 55 ದಿನ. ಆಫೀಸಿನ ಹಾಜರಿ ಪುಸ್ತಕಕ್ಕೂ ಬಾರದೆ, ಸಮೀಕ್ಷೆಯ ಚೌಕಕ್ಕೂ ಸಿಗದೆ, ಮೂರು ತಿಂಗಳ ಹಾಜರಿಯಷ್ಟು ಕೆಲಸ ಒಬ್ಬಳ ಮೊಣಕಾಲಿನಲ್ಲೇ ಮುಗಿದುಹೋಗುತ್ತದೆ. ಒಂದೊಂದು ಸಲ ಎದ್ದು ಬಂದ ಮೇಲೂ ಬಿಟ್ಟ ಕೆಲಸದ ಎಳೆ ಹುಡುಕಬೇಕು. ಅದರ ಹೊತ್ತನ್ನು ನಾನು ಸೇರಿಸಿಲ್ಲ.

ಆರೈಕೆಯ ಲೆಕ್ಕ ಇನ್ನೂ ಭಾರ. ಅದೇ ಸಮೀಕ್ಷೆಯಂತೆ ಮನೆಯವರ ಆರೈಕೆಗೆ ನಿಂತ ಹೆಂಗಸರು ದಿನಕ್ಕೆ 137 ನಿಮಿಷ ಕೊಡುತ್ತಾರೆ, ಗಂಡಸರು 75. ಇಲ್ಲಿ ಮಾತ್ರ ಹೆಂಗಸರ ನಿಮಿಷ ಐದು ವರ್ಷದಲ್ಲಿ ಏರಿದೆ. ಮೊದಲು 134 ಇತ್ತು. ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದ ಹಿರಿಯರಿರುವ ಮನೆಯಲ್ಲಿ ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ದಾದಿಯರು ಹೇಳಿಕೊಡುತ್ತಾರೆ. ದಿನಕ್ಕೆ 12 ಸಲ, ವರ್ಷಕ್ಕೆ 4,380 ಸಲ. ಲಟ್ಟಿಸಿದ ಚಪಾತಿಯೂ ವರ್ಷಕ್ಕೆ ಅಷ್ಟೇ ಇತ್ತು. ಒಂದು ಹಿಟ್ಟಿನ ಉಂಡೆ, ಇನ್ನೊಂದು ಐವತ್ತು ಕಿಲೋ ತೂಗುವ, ನೋವಿಗೆ ನರಳುವ, ನಾಚಿಕೊಳ್ಳುವ ಮನುಷ್ಯದೇಹ. ರಾತ್ರಿ ಹನ್ನೆರಡಕ್ಕೂ ಎರಡಕ್ಕೂ ನಾಲ್ಕಕ್ಕೂ ಏಳಬೇಕು, ಒಂಬತ್ತಕ್ಕೆ ಲಾಗಿನ್ ಆಗಬೇಕು. ಇದನ್ನು ವರ್ಷಗಟ್ಟಲೆ ಮಾಡಿದವರು ಥಾಣೆಯಿಂದ ಪನ್ವೇಲ್‌ವರೆಗೆ ಬಿಲ್ಡಿಂಗ್ ಬಿಲ್ಡಿಂಗಿನಲ್ಲೂ ಇದ್ದಾರೆ, ಅವರ ಮುಂದೆ ನನಗೆ ಮಾತು ಹೊರಡುವುದಿಲ್ಲ.

2011ರ ಜನಗಣತಿಯಲ್ಲಿ ತಮ್ಮ ಮುಖ್ಯ ಕೆಲಸ ಮನೆಗೆಲಸ ಎಂದು ಹೇಳಿಕೊಂಡ ಹೆಂಗಸರು 15.98 ಕೋಟಿ, ಗಂಡಸರು 57.9 ಲಕ್ಷ. 2021ರ ಜನವರಿಯಲ್ಲಿ ಅಪಘಾತ ಪರಿಹಾರದ ಒಂದು ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಈ ಸಂಖ್ಯೆಗಳನ್ನೇ ಎತ್ತಿ ತೋರಿಸಿ, ಗೃಹಿಣಿಯ ದುಡಿಮೆಗೂ ಆದಾಯದ ಲೆಕ್ಕ ಕಟ್ಟಬೇಕೆಂಬ ಮಾತಿಗೆ ಬಲ ಕೊಟ್ಟರು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಹೇಳಿದ ಸಂಖ್ಯೆ ಇನ್ನೂ ದೊಡ್ಡದು: ಪ್ರಪಂಚದ 64 ದೇಶಗಳಲ್ಲಿ ಸಂಬಳವಿಲ್ಲದ ಆರೈಕೆ ಮತ್ತು ಮನೆಗೆಲಸ ದಿನಕ್ಕೆ 1,640 ಕೋಟಿ ಗಂಟೆ. ಇನ್ನೂರು ಕೋಟಿ ಜನ ದಿನಕ್ಕೆ ಎಂಟು ಗಂಟೆ ಪುಕ್ಕಟೆ ದುಡಿದಂತೆ. ಅದರ ಮುಕ್ಕಾಲು ಪಾಲು ಹೆಂಗಸರದು.

ದೇಶದ ಒಟ್ಟು ಉತ್ಪನ್ನದ ಲೆಕ್ಕದಲ್ಲಿ ಇದು ಸೇರುವುದಿಲ್ಲ. ಆದರೆ ಸ್ವಂತ ಮನೆಯಲ್ಲಿ ವಾಸಿಸುವವರು ಯಾರಿಗೂ ಕೊಡದ ಬಾಡಿಗೆಗೆ ಒಂದು ಅಂದಾಜು ಕಟ್ಟಿ ಅದೇ ಲೆಕ್ಕಕ್ಕೆ ಸೇರಿಸುತ್ತಾರೆ. ಹೀಗಾಗಿ ಡೊಂಬಿವಲಿಯ ಆ 400 ಚದರಡಿಯ ಸ್ವಂತ ಮನೆ, ಸುಮ್ಮನೆ ನಿಂತಿದ್ದಕ್ಕೆ, ಪ್ರತಿ ತಿಂಗಳೂ ದೇಶದ ಉತ್ಪನ್ನಕ್ಕೆ ಕೊಡುಗೆ ಕೊಡುತ್ತದೆ. ಅದನ್ನು ಒರೆಸುವವಳು ಕೊಡುವುದಿಲ್ಲ. ಒರೆಸಲು ಕೆಲಸದ ಬಾಯಿಯನ್ನು ಇಟ್ಟರೆ ಅವಳ ಪಗಾರ ಲೆಕ್ಕಕ್ಕೆ ಬರಬೇಕು. ನಾಲ್ಕು ಮನೆ ಮುಗಿಸಿ ಅವಳು ತನ್ನ ಖೋಲಿಗೆ ಹೋಗಿ ಅದೇ ಕೈಯಲ್ಲಿ ಐದನೆಯ ನೆಲ ಒರೆಸಿದರೆ ಬರುವುದಿಲ್ಲ. ಸ್ಟೇಟ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2023ರಲ್ಲಿ ನಮ್ಮ ಹೆಂಗಸರ ಈ ಪುಕ್ಕಟೆ ದುಡಿಮೆಗೆ ವರ್ಷಕ್ಕೆ 22.7 ಲಕ್ಷ ಕೋಟಿ ರೂಪಾಯಿ ಬೆಲೆ ಕಟ್ಟಿದರು, ಜಿಡಿಪಿಯ ಏಳೂವರೆ ಪ್ರತಿಶತ.

ಇಷ್ಟು ದೊಡ್ಡ ಸಂಖ್ಯೆಗಳ ಮುಂದೆ ಏನು ಮಾಡಲು ಸಾಧ್ಯ ಎನ್ನಿಸುವುದು ಸಹಜ. ಹಾಗಾಗಿ ಮತ್ತೆ ಒಂದು ಮನೆಯ ಲೆಕ್ಕಕ್ಕೇ ಬರುತ್ತೇನೆ. 289ಕ್ಕೆ 88 ಕೂಡಿಸಿದರೆ 377 ನಿಮಿಷ. ಗಂಡ ಹೆಂಡತಿ ಸಮನಾಗಿ ಹಂಚಿಕೊಂಡರೆ ತಲೆಗೆ 188 ನಿಮಿಷ ಮತ್ತು ಮೂವತ್ತು ಸೆಕೆಂಡು. ಗಂಡಸು ಹೆಚ್ಚಿಗೆ ಕೊಡಬೇಕಾದದ್ದು ಸುಮಾರು ನೂರು ನಿಮಿಷ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಫಾಸ್ಟ್ ಗಾಡಿಯಲ್ಲೂ ಸುಮಾರು ಒಂದು ಗಂಟೆ ಬೇಕು, ಹೋಗಿ ಬರಲು ಎರಡು ಗಂಟೆ. ಮನೆಯಿಂದ ಕೆಲಸ ಮಾಡುವ ದಿನ ಆ ಹೊತ್ತು ಪೂರ್ತಿ ಅವನ ಕೈಯಲ್ಲಿದೆ. ಅದರಲ್ಲಿ ಹನ್ನೆರಡು ಚಪಾತಿಗೆ ಮೂವತ್ತೈದು ನಿಮಿಷ, ನೆಲಕ್ಕೆ ಇಪ್ಪತ್ತೈದು, ಪಾತ್ರೆಗೆ ಇಪ್ಪತ್ತು, ತಾಯಿಯ ಮಗ್ಗುಲು ಬದಲಿಸಲು ನಾಲ್ಕು ಸಲ ಐದೈದು ನಿಮಿಷ. ಅಲ್ಲಿಗೆ ನೂರು ಆಯಿತು, ಗಾಡಿಯ ಹೊತ್ತಿನಲ್ಲಿ ಇನ್ನೂ ಇಪ್ಪತ್ತು ನಿಮಿಷ ಉಳಿದಿದೆ.